ಸಿಗ್ನಲ್ ಪೂರ್ತಿ ಇದೆ, ಸರದಿ ಬರುತ್ತಿಲ್ಲ

ಪ್ರಶ್ನೆ: ನಮ್ಮದು ನಲವತ್ತು ಮನೆಗಳ ಅಪಾರ್ಟ್‌ಮೆಂಟ್. ಹಗಲು ವೈಫೈ ಚೆನ್ನಾಗಿರುತ್ತದೆ. ರಾತ್ರಿ ಎಂಟಾಯಿತೆಂದರೆ ಮಗಳ ಆನ್‌ಲೈನ್ ಪಾಠ ನಿಂತು ನಿಂತು ಬರುತ್ತದೆ. ಮೊಬೈಲಿನಲ್ಲಿ ಸಿಗ್ನಲ್ ಗೆರೆಗಳು ಮಾತ್ರ ಪೂರ್ತಿ ಇರುತ್ತವೆ. ಅದೇ ಹೊತ್ತಿನಲ್ಲಿ ಲ್ಯಾಪ್‌ಟಾಪಿಗೆ ರೂಟರಿನಿಂದ ಕೇಬಲ್ ಹಾಕಿದರೆ ವೇಗ ಸರಿಯಾಗಿದೆ. ದುಬಾರಿ ರೂಟರ್ ತರಬೇಕೇ?

ಉತ್ತರ: ಈಗಲೇ ಬೇಡ. ಕೇಬಲಿನಲ್ಲಿ ವೇಗ ಸರಿಯಿದೆ ಎಂದು ನೀವೇ ಪರೀಕ್ಷಿಸಿದ್ದೀರಿ, ಅಲ್ಲಿಗೆ ಅರ್ಧ ರೋಗ ಪತ್ತೆಯಾಯಿತು. ಸಿಗ್ನಲ್ ಗೆರೆಗಳು ತಿಳಿಸುವುದು ರೂಟರಿನ ದನಿ ಎಷ್ಟು ಜೋರಾಗಿ ಕೇಳಿಸುತ್ತಿದೆ ಎಂಬುದನ್ನಷ್ಟೇ. ಮಾತಾಡುವ ಸರದಿ ಎಷ್ಟು ಸಲ ಸಿಗುತ್ತಿದೆ ಎಂಬುದು ಅವುಗಳಿಂದ ಗೊತ್ತಾಗುವುದಿಲ್ಲ.

ಈ ಸರದಿಯ ಕಥೆ ಹಳೆಯದು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ತಂಡ ದ್ವೀಪಗಳ ಕಂಪ್ಯೂಟರುಗಳನ್ನು ರೇಡಿಯೊ ಮೂಲಕ ಬೆಸೆದ 'ಅಲೋಹಾನೆಟ್'ನಲ್ಲಿ ನಿಯಮ ಸರಳವಾಗಿತ್ತು: ಬೇಕೆನಿಸಿದಾಗ ಕಳುಹಿಸು, ಮುಟ್ಟಿತೆಂಬ ಉತ್ತರ ಬಾರದಿದ್ದರೆ ಸ್ವಲ್ಪ ತಡೆದು ಮತ್ತೆ ಕಳುಹಿಸು. ಹೀಗೆ ಮಾಡಿದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರದು ಬಿದ್ದು ಎರಡೂ ಕೆಡುವುದರಿಂದ, ಚಾನೆಲಿನ (ಎಲ್ಲರೂ ಹಂಚಿಕೊಳ್ಳುವ ರೇಡಿಯೊ ದಾರಿಯ) ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇ 18ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ.

ವೈಫೈ ಮೊದಲು ಕಿವಿಗೊಡುತ್ತದೆ. ಗಾಳಿ ಸುಮ್ಮನಿದೆ ಎಂದಾದಾಗ ಪ್ರತಿ ಸಾಧನವೂ ಸೊನ್ನೆಯಿಂದ 15ರೊಳಗೆ ಒಂದು ಸಂಖ್ಯೆಯನ್ನು ಚೀಟಿ ಎತ್ತಿದಂತೆ ಆರಿಸಿಕೊಂಡು, 9 ಮೈಕ್ರೋಸೆಕೆಂಡಿಗೆ ಒಂದರಂತೆ ಇಳಿಸುತ್ತ ಬರುತ್ತದೆ. ಮೊದಲು ಸೊನ್ನೆ ಮುಟ್ಟಿದವರದು ಮಾತು; ಉಳಿದವರು ಎಣಿಕೆಯನ್ನು ಅಲ್ಲಿಗೇ ತಡೆಹಿಡಿಯುತ್ತಾರೆ. ಇಬ್ಬರು ಒಟ್ಟಿಗೆ ಸೊನ್ನೆ ಮುಟ್ಟಿದರೆ ಡಿಕ್ಕಿ. ಆ ಡಿಕ್ಕಿ ಅವರಿಗೇ ಕೇಳಿಸುವುದಿಲ್ಲ, ಏಕೆಂದರೆ ಕಳುಹಿಸುವಾಗ ತನ್ನ ದನಿಯೇ ತನ್ನ ಕಿವಿಯನ್ನು ತುಂಬಿರುತ್ತದೆ. ಉತ್ತರ ಬಾರದಿದ್ದಾಗಲಷ್ಟೇ ಗೊತ್ತಾಗುತ್ತದೆ. ಆಗ ಚೀಟಿಗಳ ಮಿತಿ 31ಕ್ಕೆ, 63ಕ್ಕೆ, ಹೀಗೆ 1023ರವರೆಗೂ ಏರುತ್ತದೆ. ರಾತ್ರಿ ಎಂಟಕ್ಕೆ ಎಲ್ಲ ಮನೆಗಳ ಟಿವಿ, ಮೊಬೈಲುಗಳು ಒಟ್ಟಿಗೆ ಚೀಟಿ ಎತ್ತಲು ಕುಳಿತಿರುತ್ತವೆ. ಸರದಿ ಸಿಕ್ಕಾಗ ಬಹಳ ಹೊತ್ತು ಹಿಡಿದಿಟ್ಟುಕೊಳ್ಳುವ ಹಳೆಯ, ನಿಧಾನದ ಫೋನುಗಳೂ ಅವುಗಳಲ್ಲಿ ಸೇರಿರುತ್ತವೆ.

ಈಗ ಮಾಡಬೇಕಾದದ್ದು. ವೈಫೈ ಬಳಸುವ ಒಂದು ರೇಡಿಯೊ ಪಟ್ಟಿಯಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳು 1, 6, 11 ಮಾತ್ರ. 'ಖಾಲಿ ಇದೆ' ಎಂದು 3ನ್ನೋ 8ನ್ನೋ ಆರಿಸುವವರನ್ನು ಬಹಳ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದೇ ಚಾನೆಲಿನಲ್ಲಿರುವ ನೆರೆಮನೆಯ ರೂಟರ್ ಮತ್ತು ನಿಮ್ಮದು ಪರಸ್ಪರರ ಮಾತು ಗುರುತಿಸಿ ಸರದಿ ಬಿಟ್ಟುಕೊಡುತ್ತವೆ. ಅರೆಬರೆ ಮೇಲೆ ಬಿದ್ದ ಚಾನೆಲಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಬರೀ ಗದ್ದಲ.

ಮಗಳ ಸಾಧನವನ್ನು ಇನ್ನೊಂದು ಪಟ್ಟಿಯಾದ 5 ಗಿಗಾಹರ್ಟ್ಸ್‌ಗೆ ಸೇರಿಸಿ. ಅಲ್ಲಿ ಚಾನೆಲುಗಳು ಹೆಚ್ಚು, ಗೋಡೆ ದಾಟಿ ಬರುವ ನೆರೆಯವರ ದನಿ ಕಡಿಮೆ. ಟಿವಿ ಎಲ್ಲಿಗೂ ಹೋಗುವುದಿಲ್ಲ, ಅದಕ್ಕೆ ಕೇಬಲ್ ಎಳೆಸಿ. ಗಾಳಿಯಲ್ಲಿ ಒಂದು ಪಾಲು ಖಾಲಿಯಾಗುತ್ತದೆ. ಇಷ್ಟಾದ ಮೇಲೂ ಪಾಠ ನಿಂತರೆ, ವೈಫೈ ಅನಲೈಜರ್ ಆ್ಯಪ್ ಹಾಕಿಕೊಂಡು ರಾತ್ರಿ ಎಂಟಕ್ಕೆ ಯಾವ ಚಾನೆಲಿನಲ್ಲಿ ಎಷ್ಟು ರೂಟರುಗಳು ಕಾಣುತ್ತವೆ ಎಂದು ಬರೆದು ಕಳುಹಿಸಿ.