ನಾಲ್ಕು ವೈರ್ ಮತ್ತು ಡಾನರ್ ಇಳಿಜಾರು

ಪ್ರಶ್ನೆ: ನಮಸ್ಕಾರ ಸರ್. ನಾವು ಸ್ಯಾಕ್ರಮೆಂಟೊದಲ್ಲಿದ್ದೇವೆ. ಮಕ್ಕಳ ಹಠಕ್ಕೆ ಹಳೆಯ ಕ್ಯಾಂಪಿಂಗ್ ಟ್ರೈಲರ್ ಒಂದನ್ನು ಕೊಂಡೆವು. ಎರಡು ಆಕ್ಸಲ್, ಸಾಮಾನು ತುಂಬಿದರೆ 3,800 ಪೌಂಡ್. ಎಳೆಯುವುದು ಹೋಂಡಾ ಪೈಲಟ್. ಹಿಂದೆ ಏಳು ಪಿನ್ನಿನ ಸಾಕೆಟ್ ಹಾಕಿಸಿದ್ದೇನೆ, ಲೈಟ್ ಎಲ್ಲ ಉರಿಯುತ್ತವೆ. ಮಾರಿದವರು ಬ್ರೇಕ್ ಕಂಟ್ರೋಲರ್ ಬೇಕು ಅಂದರು. ಅಂಗಡಿಯವರು ಕೇಳಿದ ಕೂಲಿಗೆ ತಲೆ ತಿರುಗಿತು. ನಿಜಕ್ಕೂ ಬೇಕಾ? ನಾನೇ ಹಾಕಬಹುದಾ? ಊರಲ್ಲಿ ಫ್ಯಾನು, ಮಿಕ್ಸಿ ರಿಪೇರಿ ಮಾಡಿದ ಅನುಭವ ಇದೆ.

ಉತ್ತರ: ಬೇಕೇ ಬೇಕು. ಕ್ಯಾಲಿಫೋರ್ನಿಯಾದಲ್ಲಿ 1,500 ಪೌಂಡ್ ಮತ್ತು ಅದಕ್ಕಿಂತ ಜಾಸ್ತಿ ತೂಗುವ ಕ್ಯಾಂಪಿಂಗ್ ಟ್ರೈಲರ್‌ಗೆ ಕನಿಷ್ಠ ಎರಡು ಚಕ್ರಕ್ಕಾದರೂ ಬ್ರೇಕ್ ಇರಬೇಕು ಅಂತ ಕಾನೂನೇ ಇದೆ. ಕಾನೂನು ಹಾಗಿರಲಿ. ನಾನು ಮದ್ದೂರು ಕಡೆಯವನು. ಕಬ್ಬು ತುಂಬಿದ ಟ್ರ್ಯಾಕ್ಟರ್ ಇಳಿಜಾರು ಇಳಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಟ್ರೈಲರ್‌ಗೆ ಬ್ರೇಕ್ ಇರುತ್ತಿರಲಿಲ್ಲ. ಟ್ರ್ಯಾಕ್ಟರ್ ನಿಂತರೂ ಹಿಂದಿನ ಕಬ್ಬು ನಿಲ್ಲುತ್ತಿರಲಿಲ್ಲ, ನೂಕುತ್ತಿತ್ತು. ಮೂತಿ ಒಂದು ಕಡೆ, ಬಾಲ ಇನ್ನೊಂದು ಕಡೆ. ನಿಮ್ಮ ಪೈಲಟ್‌ಗೂ ಅದೇ ಗತಿ.

ಟ್ರೈಲರ್ ಚಕ್ರದ ಡ್ರಮ್ಮಿನೊಳಗೆ ಒಂದು ಮ್ಯಾಗ್ನೆಟ್ ಇರುತ್ತದೆ. ಕರೆಂಟ್ ಬಂದಾಗ ಅದು ತಿರುಗುತ್ತಿರುವ ಡ್ರಮ್ಮಿಗೆ ಅಂಟಿಕೊಂಡು ಜೊತೆಗೇ ಹೋಗಲು ನೋಡುತ್ತದೆ. ಆ ಎಳೆತಕ್ಕೆ ಒಂದು ಲಿವರ್ ವಾಲಿ ಬ್ರೇಕ್ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಎಷ್ಟು ಕರೆಂಟೋ ಅಷ್ಟು ಬ್ರೇಕ್. ಕಂಟ್ರೋಲರ್‌ನ ಕೆಲಸ ಆ ಕರೆಂಟನ್ನು ಅಳೆದು ಕೊಡುವುದು. ಅಗ್ಗದವು ಪೆಡಲ್ ಒತ್ತಿದ ಮೇಲೆ ಟೈಮರ್ ಲೆಕ್ಕದಲ್ಲಿ ಏರಿಸುತ್ತಾ ಹೋಗುತ್ತವೆ. ನೀವು ಮೆಲ್ಲಗೆ ಒತ್ತಿದರೂ ಒಂದೇ, ಗಾಬರಿಯಲ್ಲಿ ಒತ್ತಿದರೂ ಒಂದೇ. ಪ್ರಪೋರ್ಷನಲ್ ಅನ್ನುವವು ಕಾರು ಎಷ್ಟು ಜೋರಾಗಿ ನಿಲ್ಲುತ್ತಿದೆ ಅಂತ ಗ್ರಹಿಸಿ ಅಷ್ಟೇ ಕೊಡುತ್ತವೆ. ಅದನ್ನೇ ತಗೊಳ್ಳಿ. ನನ್ನ ಗಾಡಿಯಲ್ಲಿರುವುದು ಟೆಕಾನ್ಷಾ ಪ್ರಾಡಿಜಿ. ಅದೇ ಆಗಬೇಕು ಅಂತೇನಿಲ್ಲ.

ಇನ್ನು ನೀವೇ ಹಾಕುವ ಮಾತು. ಒಟ್ಟು ನಾಲ್ಕು ವೈರ್. ಬಿಳಿಯದು ಅರ್ತ್. ಕಪ್ಪು ಬ್ಯಾಟರಿಯ ಪ್ಲಸ್‌ಗೆ. ಕೆಂಪು ಬ್ರೇಕ್ ಲೈಟ್ ಸ್ವಿಚ್‌ಗೆ. ನೀಲಿಯದು ಹಿಂದಿನ ಸಾಕೆಟ್‌ಗೆ, ಟ್ರೈಲರ್ ಬ್ರೇಕ್‌ಗೆ ಹೋಗುವುದು ಇದೇ. ಮಿಕ್ಸಿ ಬಿಚ್ಚಿದವರಿಗೆ ಇದೇನು ಮಹಾ ಅನಿಸಬಹುದು. ಇಲ್ಲಿ ಕಪ್ಪು ಅಂದರೆ ಪ್ಲಸ್, ಅದನ್ನು ಮಾತ್ರ ಮರೆಯಬೇಡಿ. ಬಿಳಿ ಕಪ್ಪು ಅದಲುಬದಲಾದರೆ ಹೊಸ ಕಂಟ್ರೋಲರ್ ಪೆಟ್ಟಿಗೆ ಅಲ್ಲೇ ಸುಟ್ಟುಹೋಗಬಹುದು. ಶುರು ಮಾಡುವ ಮೊದಲು ಬ್ಯಾಟರಿಯ ಮೈನಸ್ ಕಳಚಿಡಿ.

ಮೊದಲು ಸ್ಟೀರಿಂಗ್ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಎಷ್ಟೋ ಗಾಡಿಗಳಲ್ಲಿ ಕಂಟ್ರೋಲರ್‌ಗೆಂದೇ ಒಂದು ಪ್ಲಗ್ ಬಿಟ್ಟಿರುತ್ತಾರೆ. ಸಿಕ್ಕರೆ ಅದಕ್ಕೆ ಹೊಂದುವ ರೆಡಿಮೇಡ್ ವೈರ್ ಸೆಟ್ ತನ್ನಿ, ಕೆಲಸ ಮುಕ್ಕಾಲು ಮುಗಿಯಿತು. ಆದರೂ ಹಿಂದಿನ ನೀಲಿ ವೈರ್ ನಿಜಕ್ಕೂ ಅಲ್ಲಿಂದ ಬರುತ್ತಿದೆಯಾ ಅಂತ ಮಲ್ಟಿಮೀಟರ್ ಹಿಡಿದು ನೋಡಿ. ಲೈಟ್‌ಗೆ ಮಾತ್ರ ಸಾಕೆಟ್ ಹಾಕಿ, ನೀಲಿಯನ್ನು ಬಂಪರ್ ಕೆಳಗೆ ಸುತ್ತಿಟ್ಟು ಕಳಿಸಿದ್ದನ್ನು ನೋಡಿದ್ದೇನೆ.

ಪ್ಲಗ್ ಇಲ್ಲದಿದ್ದರೆ ನೀವೇ ವೈರ್ ಎಳೆಯಬೇಕು. ಮ್ಯಾಗ್ನೆಟ್ ಒಂದಕ್ಕೆ ಹೆಚ್ಚು ಕಡಿಮೆ 3.2 ಓಮ್. 12 ವೋಲ್ಟ್‌ಗೆ ಲೆಕ್ಕ ಹಾಕಿದರೆ ಒಂದು ಚಕ್ರಕ್ಕೆ 3.75 ಆಂಪ್, ನಾಲ್ಕಕ್ಕೆ 15. ಸಣ್ಣ ವೈರ್ ಸಾಲದು. ಕಪ್ಪು, ನೀಲಿ ಎರಡಕ್ಕೂ 10 ಗೇಜ್ ದಪ್ಪದ ವೈರ್ ಹಾಕಿ. ಬ್ಯಾಟರಿ ಹತ್ತಿರ ತಾನೇ ಮರಳಿ ಸೇರಿಕೊಳ್ಳುವ ಸರ್ಕ್ಯೂಟ್ ಬ್ರೇಕರ್ ಬರುತ್ತದೆ. 20 ಆಂಪ್‌ದೋ 30ರದೋ, ಪೆಟ್ಟಿಗೆಯ ಚೀಟಿಯಲ್ಲಿ ಬರೆದಿರುವುದನ್ನೇ ಹಾಕಿ. ಅದರ ತಾಮ್ರದ ಬಣ್ಣದ ಬೋಲ್ಟ್ ಬ್ಯಾಟರಿ ಕಡೆಗೆ, ಬೆಳ್ಳಿ ಬಣ್ಣದ್ದು ಕಂಟ್ರೋಲರ್ ಕಡೆಗೆ. ಕೆಂಪು ವೈರ್ ಸೇರಿಸಬೇಕಾದ ಕಾರಿನ ವೈರನ್ನು ಬ್ಯಾಟರಿ ಮೈನಸ್ ಕಳಚುವ ಮುಂಚೆಯೇ ಮೀಟರ್ ಹಿಡಿದು ಹುಡುಕಿಡಿ: ಪೆಡಲ್ ಒತ್ತಿದಾಗ 12 ವೋಲ್ಟ್, ಬಿಟ್ಟಾಗ ಸೊನ್ನೆ ತೋರಿಸುವ ವೈರೇ ಬೇಕು. ಪೆಟ್ಟಿಗೆಯನ್ನು ಕೂರಿಸಲು ಡ್ರಿಲ್ ಹಿಡಿಯುವ ಮುಂಚೆ ಆ ಜಾಗದಲ್ಲಿ ಮೊಣಕಾಲಿನ ಏರ್‌ಬ್ಯಾಗ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಬಿಳಿ ವೈರ್ ಬಗ್ಗೆ ನನ್ನದೇ ಕಥೆ ಹೇಳುತ್ತೇನೆ. ಸೋಮಾರಿತನಕ್ಕೆ ಡ್ಯಾಶ್ ಕೆಳಗಿನ ಯಾವುದೋ ಸ್ಕ್ರೂಗೆ ಸಿಕ್ಕಿಸಿದ್ದೆ. ಮನೆ ಮುಂದೆ ಎಲ್ಲಾ ಸರಿ. 80ನೇ ಹೆದ್ದಾರಿಯಲ್ಲಿ 7,239 ಅಡಿಯ ಡಾನರ್ ಶಿಖರ ದಾಟಿ ಇಳಿಯುವಾಗ ಕಂಟ್ರೋಲರ್ ದೀಪ ಕಣ್ಣು ಮಿಟುಕಿಸಿ ಆರಿತು. ಮತ್ತೆ ಹತ್ತಿತು. ಮತ್ತೆ ಆರಿತು. ಹೆಂಡತಿ "ಯಾಕೆ ಮಾತೇ ಇಲ್ಲ?" ಅಂದಳು. ಸಣ್ಣ ಗೇರ್‌ಗೆ ಹಾಕಿ, ಉಸಿರು ಹಿಡಿದು ಇಳಿಸಿದೆ. ಕೆಳಗೆ ಬಂದು ನೋಡಿದರೆ ಸ್ಕ್ರೂ ಕೆಳಗೆ ಬಣ್ಣ! ತಗಡಿಗೆ ವೈರ್ ತಾಗಿಯೇ ಇರಲಿಲ್ಲ. ಈಗ ನನ್ನ ಅರ್ತ್ ನೇರ ಬ್ಯಾಟರಿ ಮೈನಸ್‌ಗೇ ಹೋಗುತ್ತದೆ.

ವೈರ್ ಆದ ಮೇಲೆ ಸೆಟ್ಟಿಂಗ್. ಇದನ್ನು ಬಿಟ್ಟು ರಸ್ತೆಗಿಳಿಯುವವರೇ ಜಾಸ್ತಿ. ಟ್ರೈಲರ್‌ಗೆ ಸಾಮಾನು ತುಂಬಿ, ಒಣಗಿದ ಸಮತಟ್ಟಾದ ಖಾಲಿ ಜಾಗಕ್ಕೆ ಹೋಗಿ. ನಾಲ್ಕೈದು ಸಲ ಬ್ರೇಕ್ ಹಾಕಿ ಡ್ರಮ್ ಬಿಸಿ ಮಾಡಿ. ಗಂಟೆಗೆ 25 ಮೈಲಿಯಲ್ಲಿ ಹೋಗುತ್ತಾ ಕಾರಿನ ಪೆಡಲ್ ಮುಟ್ಟದೆ ಕಂಟ್ರೋಲರ್‌ನ ಕೈ ಲಿವರ್ ಪೂರ್ತಿ ಒತ್ತಿ. ಟ್ರೈಲರ್ ಚಕ್ರ ಜಾಮ್ ಆಗಿ ಉಜ್ಜಿದರೆ ಪವರ್ ಇಳಿಸಿ. ಎಳೆದ ಹಾಗೇ ಅನಿಸದಿದ್ದರೆ ಏರಿಸಿ. ಜಾಮ್ ಆಗುವುದಕ್ಕಿಂತ ಒಂಚೂರು ಕೆಳಗೆ ನಿಲ್ಲಿಸಿ. ಖಾಲಿ ಟ್ರೈಲರ್ ಎಳೆಯುವ ದಿನ ಮತ್ತೆ ಇದೇ ಕೆಲಸ.

ಆ ಕೈ ಲಿವರ್ ಎಲ್ಲಿದೆ ಅಂತ ಮನೆಯವರಿಗೂ ತೋರಿಸಿಡಿ. ಟ್ರೈಲರ್ ಬಾಲ ಆಡಿಸಲು ಶುರು ಮಾಡಿದರೆ ಕಾರಿನ ಬ್ರೇಕ್ ತುಳಿಯಬಾರದು. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ಲಿವರ್ ಮಾತ್ರ ಒತ್ತಿ. ಹಿಂದಿನಿಂದ ಜಗ್ಗಿದ ಹಾಗಾಗಿ ಸಾಲಿಗೆ ಬರುತ್ತದೆ.

ಪ್ರಶ್ನೆ: ಹೊಸದಾಗಿ ವೈರಿಂಗ್ ಮಾಡಿಸಿದ ಮೇಲೆ ಪ್ಲಗ್ ಸಿಕ್ಕಿಸಿದ ತಕ್ಷಣ ಟ್ರೈಲರ್ ಅಲ್ಲಾಡುವುದೇ ಇಲ್ಲ. ಪ್ಲಗ್ ಕಿತ್ತರೆ ಸರಿಯಾಗಿ ಉರುಳುತ್ತದೆ. (ಡಲ್ಲಾಸ್)

ಉತ್ತರ: ಸಾಕೆಟ್‌ನ ಹಿಂದೆ ಕಪ್ಪು, ನೀಲಿ ಅದಲುಬದಲಾಗಿರಬೇಕು. ಟ್ರೈಲರ್ ಬ್ಯಾಟರಿಗೆ ಹೋಗಬೇಕಾದ ಪೂರ್ತಿ 12 ವೋಲ್ಟ್ ಬ್ರೇಕ್‌ಗೆ ಹೋಗುತ್ತಿದೆ. ಎಳೆಯಲು ಹೋಗಬೇಡಿ, ಡ್ರಮ್ ಹೊಗೆಯಾಡುತ್ತದೆ. ಮಾಡಿದವರ ಹತ್ತಿರವೇ ಸರಿ ಮಾಡಿಸಿ, ದುಡ್ಡು ಕೊಡಬೇಡಿ.

ಪ್ರಶ್ನೆ: ಟ್ರೈಲರ್ ಕಳಚಿಕೊಂಡರೆ ತಾನೇ ಬ್ರೇಕ್ ಹಿಡಿಯುವ ಸ್ವಿಚ್ಚನ್ನು ಪರೀಕ್ಷಿಸುವುದು ಹೇಗೆ? (ಫೀನಿಕ್ಸ್)

ಉತ್ತರ: ಕಾರಿನಿಂದ ಪ್ಲಗ್ ಕಿತ್ತು, ಆಮೇಲೆ ಸ್ವಿಚ್ಚಿನ ಪಿನ್ ಎಳೆಯಿರಿ. ಚಕ್ರ ಹಿಡಿದುಕೊಳ್ಳಬೇಕು. ಪ್ಲಗ್ ಇರುವಾಗಲೇ ಎಳೆದರೆ ಟ್ರೈಲರ್ ಬ್ಯಾಟರಿಯ ಕರೆಂಟ್ ವಾಪಸ್ ನುಗ್ಗಿ ಕಂಟ್ರೋಲರ್ ಕೆಡಬಹುದು. ಚಕ್ರ ಹಿಡಿಯದಿದ್ದರೆ ಮೊದಲು ನೋಡಬೇಕಾದ್ದು ಟ್ರೈಲರ್ ಬ್ಯಾಟರಿಯ ಚಾರ್ಜ್.

ಪ್ರಶ್ನೆ: ಮೆಲ್ಬರ್ನ್‌ನಲ್ಲೂ ಇದೆಲ್ಲ ಬೇಕಾ ಸರ್?

ಉತ್ತರ: ಆಸ್ಟ್ರೇಲಿಯಾದಲ್ಲಿ 750 ಕೆಜಿ ದಾಟಿದರೆ ಬ್ರೇಕ್ ಬೇಕು. 2,000 ಕೆಜಿ ದಾಟಿದರೆ ಎಲ್ಲ ಚಕ್ರಕ್ಕೂ ಬ್ರೇಕ್, ಜೊತೆಗೆ ಮೇಲೆ ಹೇಳಿದ ಸ್ವಿಚ್. ಏಳು ಪಿನ್ನಿನ ಪ್ಲಗ್ಗಿನ ಬಣ್ಣಗಳು ಇಲ್ಲಿಗಿಂತ ಬೇರೆ: ಕೆಂಪು ಅಂದರೆ ಬ್ರೇಕ್ ಲೈಟ್, ಕಪ್ಪು ಅಂದರೆ ರಿವರ್ಸ್. ಟ್ರೈಲರ್ ಬ್ರೇಕ್ ಮಾತ್ರ ಅಲ್ಲೂ ನೀಲಿಯೇ, ಐದನೇ ಪಿನ್.