ಇಗರ್ಜಿ ಪುಸ್ತಕದ ಅಂಚಿನಲ್ಲಿ ಬರೆದದ್ದು

ಕಾಸರಗೋಡಿನ ಕೆಥೋಲಿಕ ಅಜ್ಜನ ಹುಟ್ಟು-ಮದುವೆಯ ದಾಖಲೆಗಾಗಿ ಮಂಗಳೂರಿನ ಬಿಷಪ್ಪರ ನಿವಾಸಕ್ಕೆ ಯಾಕೆ ಬರೆಯಬೇಕು ಎಂದು ಘಟ್ಟದ ಮೇಲಿನವರು ಕೇಳುತ್ತಾರೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಇಗರ್ಜಿಗಳ, ಅಂದರೆ ಚರ್ಚುಗಳ, ಗಡಿ ಮಾತ್ರ ಅದರ ಜೊತೆ ಸರಿಯಲಿಲ್ಲ. ಬೇಳ, ಕಯ್ಯಾರು, ಮಂಜೇಶ್ವರ, ವರ್ಕಾಡಿ ಎಲ್ಲವೂ ಇವತ್ತಿಗೂ ಮಂಗಳೂರು ಧರ್ಮಪ್ರಾಂತ್ಯದವೇ (ಧರ್ಮಪ್ರಾಂತ್ಯ ಎಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ). ಹಾಗಾಗಿ ಜಾಗದ ಕಾಗದ ಕೇರಳದ ಕಚೇರಿಯಲ್ಲಿರುತ್ತದೆ, ಮನೆಯವರ ಹುಟ್ಟು-ಮದುವೆಯ ಎಳೆ ಮಂಗಳೂರಿಗೆ ಹೋಗಿ ಸೇರುತ್ತದೆ.

ಧರ್ಮಪ್ರಾಂತ್ಯದ ಭಂಡಾರ ಎಂದರೆ ಚಿನ್ನದ ಬಟ್ಟಲು, ಹಳೆಯ ಜರಿ ಉಡುಪು ಎಂದುಕೊಳ್ಳುವವರೇ ಹೆಚ್ಚು. ಮನೆತನದ ಜಾಡು ಹುಡುಕುವ ನಮಗೆ ನಿಜವಾದ ನಿಧಿ ಜ್ಞಾನಸ್ನಾನದ (ಮಗುವಿಗೆ ನೀರು ಹಾಕಿ ಸಭೆಗೆ ಸೇರಿಸುವ ವಿಧಿಯ) ರಿಜಿಸ್ಟರು. ಜನನ-ಮರಣ ನೋಂದಣಿಯನ್ನು ದೇಶವಿಡೀ ಕಡ್ಡಾಯ ಮಾಡಿದ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೆ ಮೊದಲು ಹುಟ್ಟಿದ ಎಷ್ಟೋ ಬಡ ಒಕ್ಕಲಿನ ಹೆಂಗಸರ ಹೆಸರು ಬರಹದಲ್ಲಿ ಉಳಿದದ್ದು ಈ ಪುಸ್ತಕಗಳಲ್ಲಿ ಮಾತ್ರ.

ಎಷ್ಟು ಹಿಂದಕ್ಕೆ ಹೋಗಬಹುದು? ಮಂಗಳೂರಿನ ರೊಸಾರಿಯೊ ಇಗರ್ಜಿ 1568ರದ್ದು. ಆದರೆ 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ, ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಇಗರ್ಜಿಗಳು ನೆಲಕ್ಕುರುಳಿದವು, ಪುಸ್ತಕಗಳೂ ಹೋದವು. ಉಳಿದವರು 1799ರ ನಂತರ ಮರಳಿದರು. ಆದ್ದರಿಂದ ಬಹುಪಾಲು ಮನೆತನಗಳ ಜಾಡು 19ನೆಯ ಶತಮಾನದ ಆರಂಭದಲ್ಲಿ ನಿಂತುಬಿಡುತ್ತದೆ. ಅದಕ್ಕೂ ಹಿಂದಿನದು ಬೇಕಾದರೆ ಗೋವಾ. ಪಣಜಿಯ ಸರ್ಕಾರಿ ದಫ್ತರಖಾನೆ 1595ರಲ್ಲಿ ಶುರುವಾದದ್ದು. ಅಲ್ಲಿ ಆಡಳಿತದ ಪತ್ರವ್ಯವಹಾರ ಸಿಗುತ್ತದೆ, ಮಂಗಳೂರು ಕಡೆಯ ನಿಮ್ಮ ಮುತ್ತಜ್ಜಿಯ ಜ್ಞಾನಸ್ನಾನ ಸಿಗುತ್ತದೆಂದು ನಂಬಿ ಹೋಗಬೇಡಿ.

ಇನ್ನೊಂದು ತೊಡಕು ಯಾವ ಪುಸ್ತಕ ತೆರೆಯಬೇಕು ಎಂಬುದು. ಬೇಳದ ವ್ಯಾಕುಲ ಮಾತೆಯ ಇಗರ್ಜಿ 1890ರದ್ದು. ಅದಕ್ಕೆ ಮೊದಲು ಹುಟ್ಟಿದವರನ್ನು ಬೇಳದಲ್ಲಿ ಹುಡುಕಿ ಫಲವಿಲ್ಲ, ಆ ಊರು ಮೊದಲು ಯಾವ ಇಗರ್ಜಿಗೆ ಸೇರಿತ್ತೋ ಅಲ್ಲಿ ನೋಡಬೇಕು. ಧರ್ಮಪ್ರಾಂತ್ಯವೂ ಹೀಗೆ ಒಡೆದಿದೆ: 1923ರಲ್ಲಿ ಕಲ್ಲಿಕೋಟೆ, 2012ರಲ್ಲಿ ಉಡುಪಿ ಬೇರೆಯಾದವು. ಇದಕ್ಕಿಂತ ಗೋಜಲಾದದ್ದು 19ನೆಯ ಶತಮಾನದ ನಡುವಿನ ಕಾಲ. ಆಗ ಗೋವಾದ ಆರ್ಚ್‌ಬಿಷಪ್ಪರನ್ನು ಒಪ್ಪುವವರು ಒಂದು ಕಡೆ, ರೋಮ್ ನೇರವಾಗಿ ಕಳಿಸಿದ ಗುರುಗಳನ್ನು ಒಪ್ಪುವವರು ಇನ್ನೊಂದು ಕಡೆ. ಅಣ್ಣ ಒಂದು ಪಕ್ಷ, ತಮ್ಮ ಇನ್ನೊಂದು ಪಕ್ಷವಾದರೆ ಅವರ ಮಕ್ಕಳು ಬೇರೆ ಬೇರೆ ಇಗರ್ಜಿಯ ಪುಸ್ತಕಗಳಲ್ಲಿರುತ್ತಾರೆ. 1886ರಲ್ಲಿ ಪೋಪರಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಯಿತು, ಅದೇ ವರ್ಷ ಮಂಗಳೂರು ಪೂರ್ಣ ಧರ್ಮಪ್ರಾಂತ್ಯವೂ ಆಯಿತು. ಆ ಕಾಲದವರ ಹೆಸರು ಒಂದು ಪುಸ್ತಕದಲ್ಲಿ ಸಿಗದಿದ್ದರೆ ಇಲ್ಲವೇ ಇಲ್ಲ ಎಂದು ಕೈಬಿಡಬೇಡಿ.

ಈಗ ಓದುವ ಕೆಲಸ. ಹಳೆಯ ನಮೂದುಗಳು ಪೋರ್ಚುಗೀಸ್ ಅಥವಾ ಲ್ಯಾಟಿನ್‌ನಲ್ಲಿರುತ್ತವೆ. ಎರಡರಲ್ಲೂ ವಾಕ್ಯದ ಅಚ್ಚು ಒಂದೇ: ಇಂಥ ದಿನ, ಇಂಥವರ ಮಗುವಿಗೆ, ನಾನು ಜ್ಞಾನಸ್ನಾನ ಕೊಟ್ಟೆ, ಸಾಕ್ಷಿಯ ತಂದೆ-ತಾಯಿ (ಜ್ಞಾನಸ್ನಾನದಲ್ಲಿ ಮಗುವಿನ ಪರವಾಗಿ ನಿಲ್ಲುವವರು, ಹೆತ್ತವರಲ್ಲ) ಇಂಥವರು. ಈ ಅಚ್ಚು ಒಮ್ಮೆ ಬಾಯಿಪಾಠವಾದರೆ ಭಾಷೆ ಬಾರದವರೂ ಓದಬಹುದು. ಎಡವುವುದು ತಿಂಗಳಿನಲ್ಲಿ. 7 ಎಂಬ ಅಂಕೆಯ ಪಕ್ಕ 'ಬ್ರಿಸ್' ಎಂದು ಬರೆದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನ್‌ನಲ್ಲಿ ಸೆಪ್ಟೆಮ್ ಎಂದರೆ ಏಳು. ಹಾಗೆಯೇ 8 ಅಕ್ಟೋಬರ್, 9 ನವೆಂಬರ್, 10 ಅಥವಾ ರೋಮನ್ ಅಂಕೆ ಎಕ್ಸ್ ಡಿಸೆಂಬರ್. ಇಲ್ಲಿ ತಪ್ಪಿದರೆ ಮಗುವಿನ ವಯಸ್ಸು ಎರಡು ತಿಂಗಳು ಆಚೀಚೆ ಆಗುತ್ತದೆ. 'ಎಯುಸ್ದೆಮ್' ಎಂದರೆ 'ಅದೇ', ಅಂದರೆ ಮೇಲಿನ ನಮೂದಿನ ತಿಂಗಳು ಅಥವಾ ವರ್ಷ. ಆದ್ದರಿಂದ ಒಂದೇ ನಮೂದಿನ ಫೋಟೋ ತೆಗೆದುಕೊಂಡು ಹೋದವರು ಇಸವಿ ತಿಳಿಯದೆ ಮತ್ತೆ ಬರಬೇಕಾಗುತ್ತದೆ. ಯಾವಾಗಲೂ ಇಡೀ ಪುಟ, ಅದರ ಹಿಂದಿನ ಪುಟ ಎರಡೂ ತೆಗೆಯಿರಿ.

ಹೆಸರುಗಳ ವಿಷಯ ಕೇಳಿ. ಮನೆಯಲ್ಲಿ ಬಸ್ತ್ಯಾಂವ್ ಎಂದು ಕರೆದವನು ಪುಸ್ತಕದಲ್ಲಿ ಸೆಬಾಸ್ತಿಯಾನುಸ್. ಜುವಾಂವ್ ಅಲ್ಲಿ ಯೊವಾನ್ನೆಸ್, ಇನಾಸ್ ಅಲ್ಲಿ ಇಗ್ನಾತಿಯುಸ್, ಪೆದ್ರು ಅಲ್ಲಿ ಪೆತ್ರುಸ್. ತಂದೆಯ ಹೆಸರು ಷಷ್ಠಿ ವಿಭಕ್ತಿಯಲ್ಲಿ ಬಂದು 'ಪೆತ್ರಿ' ಎಂದಾಗುತ್ತದೆ, ಅದು ಬೇರೆ ಹೆಸರಲ್ಲ. ಡಿಸೋಜ, ದೆ ಸೋಜ, ಬರೀ ಸೋಜ ಮೂರೂ ಒಂದೇ ಮನೆಯವರಿರಬಹುದು. ಅದಕ್ಕೇ ಉಪನಾಮಕ್ಕಿಂತ ಊರು, ಮನೆ, ಸಾಕ್ಷಿಯವರ ಹೆಸರು ಹೆಚ್ಚು ನಂಬಿಕೆಗೆ ಅರ್ಹ. ಸಾಕ್ಷಿಯವರನ್ನು ಅಷ್ಟು ಕಟ್ಟುನಿಟ್ಟಾಗಿ ಬರೆದದ್ದಕ್ಕೆ ಕಾರಣವಿತ್ತು: ಆ ಸಂಬಂಧ ಮದುವೆಗೆ ಅಡ್ಡಿಯಾಗುತ್ತಿತ್ತು. ಕೆಥೋಲಿಕ ಸಭೆಯ ಕಾನೂನಿನ ಪುಸ್ತಕವಾದ ಸಂಹಿತೆ 1983ರಲ್ಲಿ ಹೊಸದಾಗಿ ಬಂದಾಗಷ್ಟೇ ಆ ಅಡ್ಡಿ ಹೋಯಿತು. 'ಸುಬ್ ಕೊಂದಿತ್ಸಿಯೊನೆ' ಎಂದಿದ್ದರೆ ಷರತ್ತಿನ ಜ್ಞಾನಸ್ನಾನ. ಮಗು ಉಳಿಯುವುದು ಕಷ್ಟ ಎನಿಸಿದಾಗ ಸೂಲಗಿತ್ತಿಯೇ ನೀರು ಹಾಕಿರುತ್ತಾಳೆ, ಅದು ಸರಿಯಾಗಿ ಆಯಿತೋ ಇಲ್ಲವೋ ಎಂಬ ಸಂಶಯದಲ್ಲಿ ಪಾದ್ರಿಗಳು ಮತ್ತೆ ಕೊಟ್ಟಿರುತ್ತಾರೆ. ಒಂದು ಕಷ್ಟದ ಹೆರಿಗೆಯ ರಾತ್ರಿ ಆ ಎರಡು ಶಬ್ದಗಳಲ್ಲಿದೆ.

ಅಂಚನ್ನು ಮರೆಯಬೇಡಿ. 1908ರ ಈಸ್ಟರ್‌ನಿಂದ ಜಾರಿಗೆ ಬಂದ ರೋಮ್‌ನ ಆಜ್ಞೆಯಂತೆ ಎಲ್ಲೇ ಮದುವೆಯಾದರೂ ಅದನ್ನು ಜ್ಞಾನಸ್ನಾನದ ಊರಿಗೆ ತಿಳಿಸಿ, ಮೂಲ ನಮೂದಿನ ಪಕ್ಕ ಬರೆಯಿಸಬೇಕು. ಬೊಂಬಾಯಿಗೆ ಹೋದವನು, ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಹೋದವಳು ಎಲ್ಲಿ, ಯಾರನ್ನು, ಯಾವಾಗ ಮದುವೆಯಾದರು ಎಂಬುದು ಊರಿನ ಪುಸ್ತಕದ ಎಡ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಊರು ಬಿಟ್ಟವರ ಸುಳಿವಿಗೆ ಇದಕ್ಕಿಂತ ಒಳ್ಳೆಯ ಜಾಗ ನಮಗೆ ತಿಳಿದಿಲ್ಲ. ಸಂಬಂಧಿಕರ ನಡುವಿನ ಮದುವೆಗೆ ವಿನಾಯಿತಿ ಕೇಳಿದ ಅರ್ಜಿಗಳಿದ್ದರೆ ಇನ್ನೂ ಭಾಗ್ಯ. 1918ಕ್ಕೆ ಮೊದಲು ಹಳೆಯ ಲೆಕ್ಕದ ನಾಲ್ಕನೆಯ ಮೆಟ್ಟಿಲಿನವರೆಗೂ ಅಡ್ಡಿಯಿತ್ತು, ಹಾಗಾಗಿ ಮುತ್ತಜ್ಜನ ಅಪ್ಪನವರೆಗೆ ವಂಶವೃಕ್ಷ ಬರೆದು ತೋರಿಸಬೇಕಿತ್ತು.

ಮೂಲ ಪುಸ್ತಕವನ್ನು ಗೆದ್ದಲು ತಿಂದಿದ್ದರೆ ಒಂದು ದಾರಿ ಉಂಟು. 1917ರ ಸಂಹಿತೆಯ ಪ್ರಕಾರ ಪ್ರತಿ ವರ್ಷದ ಕೊನೆಗೆ ಪುಸ್ತಕಗಳ ಪ್ರತಿಯನ್ನು ಬಿಷಪ್ಪರ ಕಚೇರಿಗೆ ಕಳಿಸಬೇಕಿತ್ತು. 1983ರ ಸಂಹಿತೆಯಲ್ಲಿ ಆ ಕಡ್ಡಾಯ ಇಲ್ಲ. ಈ ನಡುವಿನ ವರ್ಷಗಳದ್ದಾದರೆ 'ವಾರ್ಷಿಕ ಪ್ರತಿ' ಎಂದು ಹೆಸರಿಸಿಯೇ ಕೇಳಿ.

ಇಗರ್ಜಿಯ ಲೆಕ್ಕದ ಪುಸ್ತಕಗಳನ್ನೂ ನೋಡಬೇಕು. ಮುಡಿ (ಬೈಹುಲ್ಲಿನಲ್ಲಿ ಕಟ್ಟಿದ ಮೂಟೆ) ಅಕ್ಕಿಯ ಲೆಕ್ಕ, ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ಒಡೆಯ ಬಿಡಿಸಬಹುದಾದ ಗೇಣಿ) ಎಲ್ಲ ಇಂಥವುಗಳಲ್ಲೇ. ಗಡಿಯ ಗುರುತು ಇಲ್ಲಿ ಕಾಣುತ್ತದೆ: ಗೇಣಿ ಭೂಮಿ ಸರ್ಕಾರಕ್ಕೆ ಸೇರಿದ್ದು ಕಾಸರಗೋಡಿನ ಕಡೆ 1970ರ ಜನವರಿ 1ರಂದು, ತಲಪಾಡಿಯಿಂದ ಈಚೆಗೆ 1974ರ ಮಾರ್ಚ್ 1ರಂದು.

ಪುಸ್ತಕ ಉಳಿಸುವುದೇ ದೊಡ್ಡ ಕೆಲಸ. ಹಳೆಯ ಶಾಯಿ ಮಾಚಿಕಾಯಿ ಮತ್ತು ಅನ್ನಭೇದಿ ಎಂಬ ಕಬ್ಬಿಣದ ಲವಣದ್ದು. ಅದರಲ್ಲಿ ಆಮ್ಲವಿದೆ, ತೇವ ಸಿಕ್ಕಿದಾಗ ಅಕ್ಷರದ ಜಾಗದಲ್ಲೇ ಕಾಗದ ತೂತಾಗಿ ಉದುರುತ್ತದೆ. ಗಾಳಿಯ ತೇವಾಂಶ ಶೇಕಡಾ 65 ದಾಟಿದರೆ ಬೂಷ್ಟು ಹಿಡಿಯುತ್ತದೆ, ನಮ್ಮ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅದು ದಿನವೂ ದಾಟುತ್ತದೆ. ಒದ್ದೆಯಾದ ಪುಸ್ತಕವನ್ನು ಬಿಸಿಲಿಗೆ ಹಾಕಬೇಡಿ, ಹಾಳೆ ಸೊಟ್ಟಗಾಗಿ ಸೀಳುತ್ತದೆ. ನೆರಳಿನಲ್ಲಿ ನಿಲ್ಲಿಸಿ, ಹಾಳೆ ಬಿಡಿಸಿ, ಫ್ಯಾನ್ ಗಾಳಿ ಕೊಡಿ. ಪೂರ್ತಿ ಒಣಗಿದ ಮೇಲೆ, ಮಾಸ್ಕ್ ಹಾಕಿಕೊಂಡು, ಮೆತ್ತಗಿನ ಬ್ರಷ್‌ನಿಂದ ಬೂಷ್ಟು ತೆಗೆಯಿರಿ. ಹಸಿ ಇರುವಾಗ ಉಜ್ಜಿದರೆ ಅದು ಕಾಗದದೊಳಗೆ ಇಳಿಯುತ್ತದೆ. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚುವುದು, ಲ್ಯಾಮಿನೇಶನ್ ಮಾಡಿಸುವುದು ಭಕ್ತಿಯಿಂದ ಮಾಡಿದ ನಾಶ. ಅಂಟು ಹಳದಿಯಾಗಿ ಅಕ್ಷರ ನುಂಗುತ್ತದೆ, ಪ್ಲಾಸ್ಟಿಕ್ಕಿನಿಂದ ಹಾಳೆಯನ್ನು ಬಿಡಿಸಲಾಗುವುದಿಲ್ಲ. ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಬಜೆ ಬೇರಿನ ಚೂರನ್ನು ಬಟ್ಟೆಯ ಹೊರಗೆ ಇಟ್ಟು, ಗೋಡೆಯಿಂದ ಅರ್ಧ ಅಡಿ ದೂರದ ಕಬ್ಬಿಣದ ಕಪಾಟಿನಲ್ಲಿ ಮಲಗಿಸಿಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕಪಾಟು ತೆರೆದು ನೋಡಿ.

ಅರ್ಜಿ ಬರೆಯುವಾಗ ಮೊದಲು ಆಯಾ ಇಗರ್ಜಿಯ ಪಾದ್ರಿಗಳಿಗೆ, ಅಲ್ಲಿ ಸಿಗದಿದ್ದರೆ ಧರ್ಮಪ್ರಾಂತ್ಯದ ದಾಖಲೆ ನೋಡಿಕೊಳ್ಳುವ ಚಾನ್ಸಲರ್‌ಗೆ ಬರೆಯಿರಿ. ವ್ಯಕ್ತಿಯ ಹೆಸರು, ತಂದೆ-ತಾಯಿಯ ಹೆಸರು, ತಾಯಿಯ ತವರಿನ ಉಪನಾಮ, ಮನೆ ಅಥವಾ ವಾಳೆ (ಇಗರ್ಜಿಯ ವಾರ್ಡು), ಐದು ವರ್ಷ ಆಚೀಚೆಯ ಇಸವಿ ಇರಲಿ. 'ಅಜ್ಜನ ದಾಖಲೆ ಬೇಕು' ಎಂದಷ್ಟೇ ಬರೆದರೆ ಹುಡುಕುವವರಿಗೆ ಹಿಡಿ ಸಿಗುವುದಿಲ್ಲ. ನಿಮಗೆ ಸಿಗುವುದು ಸಹಿ-ಮೊಹರಿನ ಉದ್ಧೃತ ಪ್ರತಿ, ಮೂಲ ಪುಸ್ತಕವಲ್ಲ. ಹತ್ತಿರದ ವರ್ಷಗಳ ಪುಟ ತೋರಿಸಲು ಒಪ್ಪದಿದ್ದರೆ ಬೇಸರ ಬೇಡ, ದತ್ತು, ಮತಾಂತರ, ತಂದೆಯ ಹೆಸರಿಲ್ಲದ ಹುಟ್ಟು ಎಲ್ಲವೂ ಅದೇ ಪುಟದಲ್ಲಿರುತ್ತವೆ, ಆ ಮನೆಯವರು ಇನ್ನೂ ಬದುಕಿದ್ದಾರೆ. ಪ್ರತಿ ಬರೆಯಿಸುವಾಗ ಅಂಚಿನ ಟಿಪ್ಪಣಿಯನ್ನೂ ಸೇರಿಸಿ ಎಂದು ಬೇರೆಯಾಗಿ ಕೇಳಿ, ಕೇಳದಿದ್ದರೆ ಅದು ಬಿಟ್ಟುಹೋಗುತ್ತದೆ.