ಸ್ವಿಫ್ಟ್ ಇಳಿಸಲು ಬರೀ ಸ್ಪ್ರಿಂಗ್ ಬದಲಿಸಿದರೆ ಸಾಕಾ?

ಸ್ವಿಫ್ಟ್ ಕಾರಿನ ಎತ್ತರವನ್ನು 40 ಮಿಮೀ ಇಳಿಸಬೇಕು, ಕುಮಟಾ–ಶಿರಸಿ ಓಡಾಟ ಜಾಸ್ತಿ, ಈಗಿನ ಶಾಕ್ ಅಬ್ಸಾರ್ಬರ್ ಹಾಗೇ ಇಟ್ಟು ಸ್ಪ್ರಿಂಗ್ ಮಾತ್ರ ಹಾಕಿಸಿದರೆ ನಡೆಯುತ್ತದಾ ಅಂತ ಕೇಳಿದ್ದೀರಿ. 40ಕ್ಕೆ ಬೇಡ. 25ರ ಒಳಗೆ, ಶಾಕ್‌ಗಳು ಚೆನ್ನಾಗಿದ್ದರೆ, ನಡೆಯುತ್ತದೆ.

ಗಾಡಿ ಇಳಿದಷ್ಟೂ ಶಾಕ್‌ನ ರಾಡ್ ನಿಂತಲ್ಲೇ ಒಳಗೆ ಹೋಗಿರುತ್ತದೆ. ಮೊದಲು ಒತ್ತಿಕೊಳ್ಳಲು 60 ಮಿಮೀ ಜಾಗ ಇತ್ತು ಅಂದುಕೊಳ್ಳಿ, ಈಗ ಉಳಿದಿದ್ದು 20. ಮಳೆಗಾಲ ಕಳೆದ ಮೇಲೆ ನಿಮ್ಮ ದಾರಿಯ ದೇವಿಮನೆ ಘಟ್ಟ, ಹಿಂದಿನ ಸೀಟಿನಲ್ಲಿ ಮೂರು ಜನ, ಒಂದು ಒಳ್ಳೆ ಹೊಂಡ ಸಿಕ್ಕಿದರೆ ಆ 20 ಎಲ್ಲಿ ಸಾಕು? ಗಾಡಿ ಸೀದಾ ಬಂಪ್ ಸ್ಟಾಪ್ ಮೇಲೆ, ಅಂದರೆ ಶಾಕ್ ಪೂರ್ತಿ ಒತ್ತಿಕೊಳ್ಳದಂತೆ ಕೊನೆಗೆ ತಡೆಯುವ ರಬ್ಬರ್ ತುಂಡಿನ ಮೇಲೆ, ಕೂರುತ್ತದೆ. ತಿರುವಿನ ಮಧ್ಯೆ ಹಾಗಾದರೆ ಆ ಚಕ್ರದ ಹಿಡಿತ ತಟ್ಟನೆ ತಪ್ಪಬಹುದು, ನನಗೆ ಭಯ ಇರುವುದು ಅಲ್ಲೇ.

ಅದಕ್ಕೇ ಇಳಿಸುವ ಸ್ಪ್ರಿಂಗ್ ಸ್ವಲ್ಪ ಗಟ್ಟಿ ಇರಬೇಕು. ಹಾಗಂತ ಸ್ಪ್ರಿಂಗ್ ಕತ್ತರಿಸುವ ಕೆಲಸಕ್ಕೆ ದಯವಿಟ್ಟು ಹೋಗಬೇಡಿ. ಕೆಲಸ ಮಾಡುವ 6 ಸುತ್ತಿನಲ್ಲಿ 1 ತೆಗೆದರೆ ಸ್ಪ್ರಿಂಗ್ ಶೇ. 20ರಷ್ಟು ಗಟ್ಟಿಯೇನೋ ಆಗುತ್ತದೆ, ಆದರೆ ಕತ್ತರಿಸಿದ ತುದಿ ಸರಿಯಾಗಿ ಕೂರುವುದಿಲ್ಲ, ಜಾಕ್ ಹಾಕಿ ಎತ್ತಿದಾಗ ಜಾಗ ಬಿಟ್ಟು ಜಾರಲೂಬಹುದು. ಇನ್ನು, ಸ್ಪ್ರಿಂಗ್ ಗಟ್ಟಿಯಾದಷ್ಟೂ ವಾಪಸ್ ಒದೆಯುವುದೂ ಜೋರು. ಅದನ್ನು ತಡೆಯುವುದು ಶಾಕ್. ಅದು ಸೋತಿದ್ದರೆ ಹಂಪ್ ದಾಟಿದ ಮೇಲೂ ಗಾಡಿ ಕುಣಿಯುತ್ತಲೇ ಇರುತ್ತದೆ.

40 ಬೇಕೇ ಬೇಕು ಅಂದರೆ ಇಳಿಸಿದ ಗಾಡಿಗೆಂದೇ ಮಾಡಿದ, ಬಾಡಿ ಗಿಡ್ಡ ಇರುವ ಶಾಕ್ ತಗೊಳ್ಳಿ. ಶಾಕ್ ಮಾಡುವ ಬಿಲ್‌ಸ್ಟೈನ್ ಕಂಪನಿಯವರಲ್ಲಿ ಬಿ6 ಅನ್ನುವ ಶಾಕ್ ಮಾಮೂಲಿ ಎತ್ತರಕ್ಕೆ, ಬಿ8 ಇಳಿಸಿದ ಗಾಡಿಗೆ. ಯಾವ ಕಂಪನಿಯದಾದರೂ ಈ ವ್ಯತ್ಯಾಸ ಕೇಳಿ, ನಿಮ್ಮ ಮಾಡೆಲ್‌ಗೆ ಇದೆಯಾ ಅಂತ ಖಚಿತ ಮಾಡಿಕೊಂಡೇ ದುಡ್ಡು ಕೊಡಿ.

ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಶಾಕ್‌ನ ರಬ್ಬರ್ ಬೂಟ್ ಎತ್ತಿ, ರಾಡ್ ಬಾಡಿಯೊಳಗೆ ಹೋಗುವ ಜಾಗದಲ್ಲಿ ಒಂದು ಕೇಬಲ್ ಟೈ ಕಟ್ಟಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಘಟ್ಟ ಹತ್ತಿಳಿದು ಬನ್ನಿ. ಟೈ ಮೇಲಕ್ಕೆ ಸರಿದಿರುತ್ತದೆ. ಅದಕ್ಕೂ ಬಂಪ್ ಸ್ಟಾಪಿಗೂ ನಡುವೆ ಉಳಿದಿದ್ದೇ ನಿಮ್ಮ ಕೈಯಲ್ಲಿರುವ ಜಾಗ, ಅಲ್ವಾ? ಹೆಚ್ಚೇನೂ ಉಳಿದಿರಲಿಕ್ಕಿಲ್ಲ. ನಿಮ್ಮದು 2018ರ ಮಾಡೆಲ್ ಆದರೆ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಅಂತರ, ಇರುವುದೇ 163 ಮಿಮೀ, ಅದರಲ್ಲಿ 40 ಕಳೆದು ಹಂಪ್‌ಗಳನ್ನೂ ಲೆಕ್ಕ ಹಾಕಿ.

ಕರಾವಳಿಯ ಉಪ್ಪುಗಾಳಿಗೆ ಸ್ಪ್ರಿಂಗ್‌ನ ಪೇಂಟ್ ಎದ್ದ ಕಡೆ ತುಕ್ಕು ಹಿಡಿದು ಅಲ್ಲೇ ಮುರಿಯುವುದುಂಟು, ಹಾಗಾಗಿ ಸೆಕೆಂಡ್‌ಹ್ಯಾಂಡ್ ಸ್ಪ್ರಿಂಗ್ ಬೇಡ. ಹಾಕಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ, ಸ್ಪ್ರಿಂಗ್ ಕೂತ ಮೇಲೆ ಇನ್ನೊಮ್ಮೆ ನೋಡಿಸಿ. ಇಲ್ಲದಿದ್ದರೆ ಟೈರ್ ಒಂದೇ ಕಡೆ ಸವೆಯುತ್ತದೆ.